ಹಿತ್ತಲಿನ ಮೊಲ, ಅಜ್ಜಿಯ ಕಣಗಿಲೆ

ಕನ್ನಡದಲ್ಲಿ 'ಮೊಲ' ಎಂಬ ಒಂದೇ ಪದವು ಎರಡು ಬೇರೆ ಬೇರೆ ಪ್ರಾಣಿಗಳನ್ನು ಹೊತ್ತು ನಡೆಯುತ್ತಿದೆ. ನಮ್ಮ ದುರ್ಗದ ಸುತ್ತಲಿನ ಕುರುಚಲು ಕಾಡುಗಳಲ್ಲಿ, ಶೇಂಗಾ ಹೊಲಗಳ ಬದುಗಳಲ್ಲಿ, ಮುಸ್ಸಂಜೆಯ ಹೊತ್ತು ಬಸ್ಸಿನ ದೀಪಕ್ಕೆ ಬೆಚ್ಚಿ ಓಡುವ ಕಂದು ಮೊಲ ಒಂದು. ಸಂತೆಯ ಬುಟ್ಟಿಯೊಳಗೆ ಕುಳಿತು ಕೆಂಪು ಕಣ್ಣು ಪಿಳುಕಿಸುವ ಬಿಳಿಯ ಮೊಲ ಇನ್ನೊಂದು. ಮೊದಲನೆಯದು ಈ ನೆಲದ ಕೂಸು. ಅದು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯ ತಗ್ಗೊಂದರಲ್ಲಿ ಮೈ ಒತ್ತಿಕೊಂಡು ಮಲಗುತ್ತದೆ. ಅದರ ಮರಿಗಳು ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿರುವುದರಿಂದ ಹಿಡಿದು ಸಾಕುವಂತಿಲ್ಲ. ಎರಡನೆಯದರ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಕಡೆಯವರು. ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಬರಿಮೈಯಲ್ಲಿ ಹುಟ್ಟುವುದರಿಂದ ಅದಕ್ಕೆ ಬಿಲ ಬೇಕೇ ಬೇಕು. ನೆಲವನ್ನು ಕಂಡರೆ ಅದರ ಮುಂಗಾಲುಗಳು ಸುಮ್ಮನಿರಲಾರವು.

ಮೇಷ್ಟರಿಗೆ ಪಾಠ ಹೇಳುವ ಚಟ ಬಿಡಲಿಲ್ಲವೆಂದು ಓದುಗರು ನಗಬಹುದು. ಆದರೆ ಈ ಒಂದು ವ್ಯತ್ಯಾಸವನ್ನು ಅರಿಯದೆಯೇ ನಮ್ಮ ವಠಾರದಲ್ಲಿ ಮೊದಲ ಬೇಲಿಯನ್ನು ಕಟ್ಟಲಾಯಿತು. ನಡುಮನೆಯ ಅಣ್ಣ-ತಂಗಿಯರಿಗೆ ಅವರ ತಂದೆ ಸಂತೆಯಿಂದ ಎರಡು ಮೊಲಗಳನ್ನು ತಂದುಕೊಟ್ಟಿದ್ದರು. ಒಂದು ಬಿಳಿ, ಒಂದು ಕಪ್ಪು. ಬೆಳ್ಳಿ ಮತ್ತು ಕರಿಯ. ತಂದೆಯವರು ಹೊಲದ ಮೊಲವನ್ನು ನೋಡಿ ಬೆಳೆದವರು. "ಮೊಲ ಹಾರತ್ತೆ, ಅಗಿಯಲ್ಲ" ಎಂದು ಹೇಳಿ ನಾಲ್ಕಡಿ ಎತ್ತರದ ಕೋಳಿಜಾಲರಿಯನ್ನು ಗೂಟಗಳಿಗೆ ಕಟ್ಟಿ ನಿಶ್ಚಿಂತರಾದರು. ಮೂರನೆಯ ದಿನ ಬೆಳಗ್ಗೆ ಬೆಳ್ಳಿಯು ಜಾಲರಿಯ ಅಡಿಯಿಂದ ಹೊರಬಂದು ಬಾವಿಕಟ್ಟೆಯ ಮೇಲೆ ಕುಳಿತಿತ್ತು.

ನಮ್ಮದು ಹಳೆಯ ಕಾಲದ ವಠಾರ; ನಾಲ್ಕು ಮನೆ, ಒಂದು ಬಾವಿ, ಹಿಂದೆ ಎಲ್ಲರಿಗೂ ಸೇರಿದ ಒಂದು ಹಿತ್ತಲು. ಹಿತ್ತಲು ಎಲ್ಲರದು ಎಂಬುದರ ಅರ್ಥ ಏನೆಂದು ವಠಾರದಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲೆಮನೆಯ ಅಜ್ಜಿಗೆ ಅದು ಶಿವಪೂಜೆಯ ಹೂವಿನ ತೋಟ. ಎದುರುಮನೆಯ ನಿವೃತ್ತ ಬಸ್ ಚಾಲಕರಿಗೆ ಬದನೆ, ಟೊಮ್ಯಾಟೊ, ಮೆಣಸಿನ ಪಾತಿ. ನನಗೆ ನಾಲ್ಕು ತುಳಸಿ, ಒಂದು ದೊಡ್ಡಪತ್ರೆ ಮತ್ತು ಸಂಜೆ ಕುರ್ಚಿ ಹಾಕಿಕೊಳ್ಳುವಷ್ಟು ನೆರಳು. ಮಕ್ಕಳಿಗೆ ಈಗ ಮೊಲದ ರಾಜ್ಯ. ಒಂದೇ ನೆಲದ ಮೇಲೆ ನಾಲ್ಕು ನಕ್ಷೆಗಳು!

ಬೇಲಿಯ ದೋಷವನ್ನು ಸರಿಪಡಿಸುವುದು ಕಷ್ಟವಾಗಲಿಲ್ಲ. ಪುಸ್ತಕಗಳಲ್ಲಿ ಹೇಳುವ ಕ್ರಮವೆಂದರೆ, ಜಾಲರಿಯನ್ನು ಒಂದು ಅಡಿಯಾದರೂ ಮಣ್ಣಿನೊಳಗೆ ಇಳಿಸಿ ಅದರ ಅಂಚನ್ನು ಬಾಗಿಸಬೇಕು. ದುರ್ಗದ ನೆಲದಲ್ಲಿ ಗೇಣುದ್ದ ಅಗೆಯುವಷ್ಟರಲ್ಲಿ ಹಾರೆಗೆ ಗರಸು, ಅದರ ಕೆಳಗೆ ಬಂಡೆ. ಆದ್ದರಿಂದ ನಾವು ನಮ್ಮೂರಿನ ದಾರಿಯನ್ನೇ ಹಿಡಿದೆವು: ಬೇಲಿಯ ಒಳಬದಿಯ ಉದ್ದಕ್ಕೂ ಒಂದೂವರೆ ಅಡಿ ಅಗಲದ ಚಪ್ಪಡಿ ಕಲ್ಲುಗಳನ್ನು ಹಾಸಿದೆವು. ಮೊಲವು ಬೇಲಿಯ ಬುಡದಲ್ಲಿಯೇ ಅಗೆಯಲು ತೊಡಗುತ್ತದೆಯೇ ಹೊರತು ಹಿಂದಕ್ಕೆ ಸರಿದು ಲೆಕ್ಕ ಹಾಕುವುದಿಲ್ಲ. ಕೋಳಿಜಾಲರಿಯನ್ನು ತೆಗೆದು ಬೆಸುಗೆಯ ದಪ್ಪ ತಂತಿಯ ಜಾಲರಿಯನ್ನು ಹಾಕಿದೆವು. ಕೋಳಿಜಾಲರಿಯನ್ನು ಮೊಲ ಕಡಿಯಬಲ್ಲದು, ನಾಯಿ ಹರಿಯಬಲ್ಲದು. ಹದ್ದಿನ ಭಯಕ್ಕೆ ಮೇಲೆ ಬಲೆ, ರಾತ್ರಿಗೆ ಬೀಗವಿರುವ ಮರದ ಗೂಡು.

ಆಸ್ಟ್ರೇಲಿಯಾದವರು ಇದೇ ಪಾಠವನ್ನು ಬಹಳ ದುಬಾರಿಯಾಗಿ ಕಲಿತರು. 1859ರಲ್ಲಿ ಅಲ್ಲಿನ ಜಮೀನುದಾರನೊಬ್ಬ ಬೇಟೆಯ ವಿನೋದಕ್ಕೆಂದು ಬಿಟ್ಟ ಕೆಲವೇ ಮೊಲಗಳ ಸಂತತಿ ಖಂಡವನ್ನೇ ವ್ಯಾಪಿಸಿದಾಗ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1901ರಿಂದ 1907ರವರೆಗೆ ಮೂರು ಸಾವಿರ ಕಿಲೋಮೀಟರಿಗೂ ಮೀರಿದ ಬೇಲಿಗಳನ್ನು ಕಟ್ಟಿದರು. ಕಟ್ಟಿ ಮುಗಿಸುವ ಮೊದಲೇ ಮೊಲಗಳು ಬೇಲಿಯ ಆಚೆ ತಲುಪಿದ್ದವು.

ಇನ್ನು ಉಳಿದದ್ದು ಬಚ್ಚಲ ನೀರು ಹರಿದುಹೋಗುವ ತೂಬು. ಮುಂಗುಸಿಯಾಗಲಿ ಕೇರೆಹಾವಾಗಲಿ ಬರುವುದು ಅದರಿಂದಲೇ. ಏಳು ಸುತ್ತಿನ ಕೋಟೆಯಿದ್ದೂ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿಯಿಂದ ಬಂದ ಶತ್ರುಗಳನ್ನು ಒನಕೆಯಿಂದ ತಡೆದ ಓಬವ್ವನ ಊರಿನವರಿಗೆ ಕಿಂಡಿಯ ವಿಚಾರವನ್ನು ಹೊಸದಾಗಿ ಹೇಳಬೇಕೆ? ಹುಡುಗನೇ ಅದಕ್ಕೆ ಜಾಲರಿಯ ತುಂಡೊಂದನ್ನು ಬಿಗಿದು "ಓಬವ್ವನ ಕಿಂಡಿ" ಎಂದು ಸುಣ್ಣದಲ್ಲಿ ಬರೆದ.

ಹೊರಗಿನ ಶತ್ರುವಿಗೆ ಇಷ್ಟು ಸಾಕಾಯಿತು. ಆದರೆ ಅದೇ ವರ್ಷದ ಶ್ರಾವಣದಲ್ಲಿ, ಬೇಲಿಯೊಳಗೇ, ಕರಿಯ ಸತ್ತುಹೋಯಿತು.

ಬೆಳಗ್ಗೆ ಹುಲ್ಲು ಹಾಕಲು ಹೋದ ಹುಡುಗಿ ಕೂಗಲಿಲ್ಲ, ಅಳಲಿಲ್ಲ. ನನ್ನ ಮನೆಯ ಬಾಗಿಲಿಗೆ ಬಂದು, "ಮೇಷ್ಟ್ರಜ್ಜ, ಕರಿಯ ಎದ್ದೇಳ್ತಿಲ್ಲ, ಸ್ವಲ್ಪ ಬನ್ನಿ" ಎಂದಳು. ಅದರ ಮೈ ಆಗಲೇ ಸೆಟೆದಿತ್ತು. ಪಶುವೈದ್ಯರು ನೋಡಿ, ವಿಷವೇನೋ ಹೊಟ್ಟೆಗೆ ಹೋಗಿರಬೇಕು, ಯಾವುದೆಂದು ಹೀಗೆ ನೋಡಿ ಹೇಳಲಾಗದು ಎಂದರು. ನಾಯಿ, ಬೆಕ್ಕುಗಳು ಕೆಟ್ಟದ್ದನ್ನು ತಿಂದರೆ ಕಕ್ಕಿಬಿಡುತ್ತವೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲವೆಂದು ನನಗೆ ತಿಳಿದದ್ದು ಅಂದು. ಒಮ್ಮೆ ನುಂಗಿದ್ದು ನುಂಗಿದ್ದೇ.

ಯಾವುದು ಎಂಬ ಪ್ರಶ್ನೆಯೇ ವಠಾರವನ್ನು ಎರಡಾಗಿ ಸೀಳಿತು. ಬೇಲಿಯ ಪಕ್ಕದಲ್ಲಿ ಅಜ್ಜಿಯ ಕಣಗಿಲೆ ಗಿಡವಿತ್ತು. ಹಿಂದಿನ ವಾರವಷ್ಟೇ ಕೊಂಬೆ ಸವರಿದ್ದರು, ತರಗೆಲೆಗಳು ಗಾಳಿಗೆ ಎಲ್ಲೆಡೆ ಚದುರಿದ್ದವು. ಕಣಗಿಲೆಯ ಎಲೆ, ಹೂ, ತೊಗಟೆ, ಬೇರು ಎಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷ. ಒಣಗಿದರೂ ಆ ವಿಷ ಹೋಗುವುದಿಲ್ಲ. ಹಸಿಯಾಗಿದ್ದಾಗ ಕಹಿಗೆ ಹಿಂಜರಿಯುವ ಪ್ರಾಣಿಗಳು ಒಣಗಿದ ಎಲೆಯನ್ನು ತಿಂದುಬಿಡುವುದೂ ಉಂಟು. ಇತ್ತ ಚಾಲಕರು ಹೆಗ್ಗಣದ ಕಾಟಕ್ಕೆ ಬದನೆ ಪಾತಿಯಲ್ಲಿ ಇಲಿಪಾಷಾಣದ ಬಿಲ್ಲೆಗಳನ್ನು ಇಟ್ಟಿದ್ದರು. ಧಾನ್ಯದ ವಾಸನೆಯ ಆ ಬಿಲ್ಲೆಯನ್ನು ಇಲಿಯೇ ತಿನ್ನಬೇಕೆಂಬ ನಿಯಮವಿಲ್ಲ. ಹೆಗ್ಗಣವು ಎಳೆದೊಯ್ದು ಎಲ್ಲಿ ಬೀಳಿಸುತ್ತದೆಯೆಂಬ ಲೆಕ್ಕವೂ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೆನೋ! ಈಗ ಸತ್ತ ಮೊಲವೊಂದರ ಮೇಲೆ ಅದು ನಮ್ಮ ಬಾವಿಕಟ್ಟೆಯಲ್ಲಿಯೇ ಆಚರಣೆಗೆ ಬಂತು. ಒಬ್ಬರು ಎಲೆಯೆಂದರು, ಇನ್ನೊಬ್ಬರು ಪಾಷಾಣವೆಂದರು. ಹದಿನೈದು ದಿನ ಅಜ್ಜಿಯೂ ಚಾಲಕರೂ ಬಾವಿಗೆ ಬೇರೆ ಬೇರೆ ಹೊತ್ತಿಗೆ ಬಂದರು.

ಗಿಡವನ್ನು ಕಡಿಸಿಬಿಡಿ ಎಂದು ಕೇಳಲು ನನ್ನನ್ನೇ ಕಳುಹಿಸಿದರು; ಮೇಷ್ಟರ ಮಾತನ್ನು ಅಜ್ಜಿ ಮೀರುವುದಿಲ್ಲವೆಂಬ ಭರವಸೆ. ಅಜ್ಜಿ ಮಣೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟು, ಕೊನೆಗೆ ಹೇಳಿದರು: "ಆ ಗಿಡ ನಮ್ಮೆಜಮಾನ್ರು ನೆಟ್ಟಿದ್ದು ಮೇಷ್ಟ್ರೇ. ಅವರು ಹೋಗಿ ಹತ್ತೊಂಬತ್ತು ವರ್ಷ ಆಯ್ತು. ಒಂದು ದಿನಾನೂ ಶಿವನಿಗೆ ಆ ಹೂವು ತಪ್ಪಿಲ್ಲ. ಕಡೀರಿ ಅಂದ್ರೆ ನಾನು ಒಪ್ಪಲ್ಲ." ಸ್ವಲ್ಪ ಹೊತ್ತು ಬಿಟ್ಟು, ದನಿ ಇಳಿಸಿ, "ಆ ಮಗು ಮುಖ ನೋಡಕ್ಕೂ ಆಗ್ತಿಲ್ಲ" ಎಂದರು. ನಾನು ಗಿಡದ ವಿಷಯವನ್ನು ಮತ್ತೆ ಎತ್ತದೆ ಎದ್ದು ಬಂದೆ. ಈಗಲೂ ಅದೇ ಸರಿಯೆಂದು ನನಗೆ ತೋರುತ್ತದೆ. ಹತ್ತೊಂಬತ್ತು ವರ್ಷದ ಪೂಜೆಯೂ ಒಂದು ಜೀವವೇ.

ಬೇಲಿಯ ಕೆಲಸ ನಾಲ್ಕು ದಿನದ್ದು. ಅನಂತರದ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮೊದಲು ಮೊಲದ ಅಂಗಳವನ್ನೇ ಕಣಗಿಲೆಯಿಂದ ದೂರಕ್ಕೆ, ನನ್ನ ಕುರ್ಚಿಯ ನೆರಳಿಗೆ ಸರಿಸಿದೆವು. ಇದು ಇನ್ನೊಂದು ಕಾರಣಕ್ಕೂ ಆಗಬೇಕಾದದ್ದೇ. ಮೊಲವು ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಅದರ ಉದ್ದ ಕಿವಿಗಳೇ ಅದರ ಬೀಸಣಿಗೆ. ದುರ್ಗದಲ್ಲಿ ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ ದಾಟುವುದು ಸಾಮಾನ್ಯ, ಕಲ್ಲುಗುಡ್ಡಗಳು ಕಾದು ರಾತ್ರಿಯೂ ಬಿಸಿಯುಸಿರು ಬಿಡುತ್ತವೆ. ನೀರು ತುಂಬಿದ ಮಣ್ಣಿನ ಮಡಕೆಯೊಂದನ್ನು ಗೂಡಿನಲ್ಲಿಟ್ಟರೆ ಬೆಳ್ಳಿ ಅದಕ್ಕೆ ಒರಗಿಕೊಂಡು ಮಲಗುತ್ತದೆ. ಗೂಡಿನ ಮೇಲೆ ಒದ್ದೆ ಗೋಣಿತಾಟು.

ಅನಂತರ ನಾನೂ ಮಕ್ಕಳೂ ಹಿತ್ತಲನ್ನು ಗಿಡಗಿಡವಾಗಿ ಪರೀಕ್ಷಿಸಿದೆವು. ಗೋಡೆಯ ಬುಡದ ಉಮ್ಮತ್ತಿ, ತಾನಾಗಿ ಎದ್ದಿದ್ದ ಹರಳು, ಮೂಲೆಯ ಲಂಟಾನ ಇವನ್ನು ಕಿತ್ತೆವು. ಎಕ್ಕವನ್ನು ಕೀಳಬಾರದೆಂದು ಅಜ್ಜಿ ಹೇಳಿದ್ದರಿಂದ ಅದು ಬೇಲಿಯ ಹೊರಗೆ ಉಳಿಯಿತು. ಟೊಮ್ಯಾಟೊ ಹಣ್ಣು ನಮಗೆ ಆಹಾರ, ಅದರ ಎಲೆ ಮೊಲಕ್ಕೆ ಆಗದು. ಗರಿಕೆ, ಕುದುರೆಮೆಂತ್ಯ, ಕೊತ್ತಂಬರಿ, ದಾಸವಾಳದ ಎಲೆ ಆಗಬಹುದು. ಚಿತ್ರಪುಸ್ತಕಗಳು ಏನೇ ಹೇಳಲಿ, ಕ್ಯಾರೆಟ್ಟು ಸಕ್ಕರೆಯ ಅಂಶವುಳ್ಳದ್ದಾದ್ದರಿಂದ ಮಿಠಾಯಿಯಂತೆ ಅಪರೂಪಕ್ಕೆ ಒಂದು ತುಂಡು.

ಚಾಲಕರ ಕೋಣೆಯ ಅಟ್ಟದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಎಂದೋ ಬಾಳೆಗೆ ಹಾಕಿ ಉಳಿಸಿದ್ದ ಫೋರೇಟ್ ಹರಳಿನ ಪೊಟ್ಟಣ. 2020ರ ಡಿಸೆಂಬರ್ ಅಂತ್ಯಕ್ಕೆ ದೇಶದಲ್ಲಿ ಅದರ ಮಾರಾಟ, ಬಳಕೆಗಳನ್ನು ನಿಲ್ಲಿಸಲಾಗಿದೆ. ಆದರೆ ಅಟ್ಟದ ಮೇಲಿನ ಪೊಟ್ಟಣಕ್ಕೆ ಆ ಆದೇಶವನ್ನು ಓದಿ ಹೇಳುವವರು ಯಾರು? ಅದನ್ನು ಬಾವಿಯ ಹತ್ತಿರ ಹೂಳುವ ಸಲಹೆ ಬಂದಾಗ ನಾನು ದನಿಯೆತ್ತಬೇಕಾಯಿತು. ಪೊಟ್ಟಣವನ್ನು ಡಬ್ಬಿಯಲ್ಲಿ ಭದ್ರಪಡಿಸಿ ಕೃಷಿ ಇಲಾಖೆಯವರಿಗೆ ವಿಚಾರಿಸಲು ಅವರೇ ಹೋದರು. ಪಾಷಾಣದ ಬಿಲ್ಲೆಗಳ ಬದಲು ಬೋನು ಬಂತು. ಮೊದಲ ವಾರದಲ್ಲಿಯೇ ಎರಡು ಹೆಗ್ಗಣ ಸಿಕ್ಕಿದ್ದನ್ನು ಅವರು ಯುದ್ಧದ ವರ್ತಮಾನದಂತೆ ಎಲ್ಲರಿಗೂ ಹೇಳಿಕೊಂಡು ಬಂದರು.

ಆದರೂ ಒಬ್ಬರು ಏನು ಸಿಂಪಡಿಸಿದರೆಂದು ಇನ್ನೊಬ್ಬರಿಗೆ ತಿಳಿಯುವ ಬಗೆ ಹೇಗೆ? ಇದಕ್ಕೆ ಉಪಾಯ ಹೇಳಿದವಳು ಆ ಹುಡುಗಿ. ನನ್ನ ಮನೆಯಲ್ಲಿ ಮನೆಪಾಠದ ಕಾಲದ ಕಪ್ಪುಹಲಗೆಯೊಂದು ಗೋಡೆಗೆ ಒರಗಿ ಧೂಳು ತಿನ್ನುತ್ತಿತ್ತು. ಅದನ್ನು ಬಾವಿಯ ಕಂಬಕ್ಕೆ ಕಟ್ಟಿಸಿದಳು. ಹಿತ್ತಲಿಗೆ ಯಾರು ಏನೇ ಹಾಕಲಿ, ಇರುವೆ ಪುಡಿಯಾಗಲಿ, ಗೊಬ್ಬರವಾಗಲಿ, ಬೇವಿನೆಣ್ಣೆಯಾಗಲಿ, ದಿನಾಂಕ ಸಹಿತ ಬರೆಯಬೇಕು. ಬರೆಯಲು ಬಾರದವರು ಅವಳಿಗೆ ಹೇಳಬೇಕು. ಬರೆದ ದಿನ ಬೆಳ್ಳಿಗೆ ಗೂಡೇ ಗತಿ. ಮೊದಮೊದಲು ಹಲಗೆ ಖಾಲಿಯಾಗಿಯೇ ಇತ್ತು. ಒಂದು ದಿನ ಅಜ್ಜಿ ಬಂದು, "ಬರ್ಕೊಳೆ ಮಗಾ, ನಾಳೆ ಕಣಗಿಲೆ ಸವರಿಸ್ತೀನಿ" ಎಂದರು. ಮರುದಿನ ಸವರಿದ ಕೊಂಬೆಗಳನ್ನು ಗೋಣಿಚೀಲಕ್ಕೆ ತುಂಬಿಸಿ, ಬಿದ್ದ ಎಲೆಗಳನ್ನು ಹುಡುಗಿಯೂ ಅಜ್ಜಿಯೂ ಕೂಡಿ ಆರಿಸಿದರು. ಅಂದಿನಿಂದ ಪ್ರತಿದಿನ ಬೆಳಗ್ಗೆ, ಬೆಳ್ಳಿಯನ್ನು ಹೊರಗೆ ಬಿಡುವ ಮುನ್ನ, ಗಿಡದ ಬುಡವನ್ನು ಗುಡಿಸುವುದು ಅವರಿಬ್ಬರ ಕೆಲಸ. ಗುಡಿಸುತ್ತ ಏನು ಮಾತಾಡಿಕೊಳ್ಳುತ್ತಾರೋ ನನಗೆ ಕೇಳಿಸುವುದಿಲ್ಲ.

ಕರಿಯನು ಎಲೆಯಿಂದ ಸತ್ತಿತೋ ಪಾಷಾಣದಿಂದಲೋ ಇಂದಿಗೂ ತೀರ್ಮಾನವಾಗಿಲ್ಲ. ಅದನ್ನು ಹೂತ ಜಾಗದ ಮೇಲೆ ಹುಡುಗ ಗರಿಕೆ ಬೆಳೆಸಿದ್ದಾನೆ. ಬೆಳ್ಳಿಯನ್ನು ಅಲ್ಲಿ ಮೇಯಲು ಬಿಡುವುದಿಲ್ಲ. ಹೊಸ ಮೊಲವೊಂದನ್ನು ತರುವ ಮಾತು ನಡೆದಿದೆ. ಜೋಡಿ ಹೆಣ್ಣು-ಗಂಡಾದರೆ ತಿಂಗಳೊಪ್ಪತ್ತಿನಲ್ಲಿ ಗೂಡು ತುಂಬುತ್ತದೆಂದು ಪಶುವೈದ್ಯರು ಎಚ್ಚರಿಸಿದ್ದಾರೆ, ಬಸಿರು ಮೂವತ್ತೊಂದು ದಿನದ್ದಷ್ಟೇ. ಅದರ ಚರ್ಚೆ ಬಾವಿಕಟ್ಟೆಯಲ್ಲಿ ಮುಂದುವರಿದಿದೆ. ಹಲಗೆಯ ಮೇಲೆ ಈ ವಾರ ಚಾಲಕರ ದಪ್ಪ ಅಕ್ಷರದಲ್ಲಿ ಹೀಗಿದೆ: ಮಂಗಳವಾರ, ಬದನೆಗೆ ಬೂದಿ ಎರಚಿದೆ, ಬೇರೇನೂ ಇಲ್ಲ.