ಚೆಲ್ಲದೆ ಉಳಿದ ಪೊರೆ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಮ್ಮೆ ದಶಾಂಶ ಬಿಂದುವನ್ನು ತಪ್ಪಾಗಿ ಓದಿ ಹತ್ತು ಪಟ್ಟು ಆಮ್ಲ ಸುರಿದುಬಿಟ್ಟೆ. ಪಾತ್ರೆಯ ತಳದಲ್ಲಿ ಕಂದುಬಣ್ಣದ ಮುದ್ದೆಯೊಂದು ಕುಳಿತಿತು. ಯಾರ ಕಣ್ಣಿಗೂ ಬೀಳದಂತೆ ಅದನ್ನು ತೊಟ್ಟಿಗೆ ಚೆಲ್ಲಿ ನಿರಾಳನಾದೆ.

ಜಪಾನಿನ ಶಿರಕಾವರ ವೃತ್ತಾಂತವನ್ನು ಓದಿದಾಗಲೆಲ್ಲ ಆ ಮುದ್ದೆ ನೆನಪಾಗುತ್ತದೆ. 1967ರಲ್ಲಿ ಟೋಕಿಯೋದ ಅವರ ಪ್ರಯೋಗಶಾಲೆಯಲ್ಲಿ ಅಸಿಟಿಲೀನ್ ಅನಿಲದಿಂದ ಪಾಲಿಮರ್ ತಯಾರಿಸುವಾಗ, ಸಹೋದ್ಯೋಗಿಯೊಬ್ಬರು ವೇಗವರ್ಧಕವನ್ನು ಸಾವಿರ ಪಟ್ಟು ಹೆಚ್ಚು ಬೆರೆಸಿದರು. ಪುಡಿ ಬರಬೇಕಾದಲ್ಲಿ ಪೊರೆಯ ಚೂರುಗಳು ಬಂದವು. ಶಿರಕಾವ ಚೆಲ್ಲಲಿಲ್ಲ, ಹೀಗೇಕಾಯಿತೆಂದು ಕೆದಕಿ ಕೆದಕಿ, ಬೆಳ್ಳಿಯಂತೆ ಹೊಳೆಯುವ ಹಾಳೆಯನ್ನು ಬೇಕೆಂದೇ ಮಾಡಲು ಕಲಿತರು.

ಹೊಳಪೇನೋ ಲೋಹದ್ದು, ವಿದ್ಯುತ್ತು ಮಾತ್ರ ಸರಾಗವಾಗಿ ಹರಿಯಲೊಲ್ಲದು. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮ್ಯಾಕ್‌ಡಿಯರ್ಮಿಡ್ ಮತ್ತು ಹೀಗರ್ ಅವರೊಡಗೂಡಿ ಆ ಪೊರೆಗೆ ಬ್ರೋಮೀನಿನ ಆವಿ ತಾಕಿಸಿದರು. ಆವಿ ಕೆಲವು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡಿತು. ತೆರವಾದ ಎಡೆಗಳಲ್ಲಿ ಉಳಿದವು ಸರಿದಾಡತೊಡಗಿದವು. ವಾಹಕತೆ ಕೋಟಿ ಪಟ್ಟು ಏರಿತು! 2000ದಲ್ಲಿ ಮೂವರಿಗೂ ನೊಬೆಲ್ ಬಂದಿತು.

ನನ್ನ ಮುದ್ದೆಯಲ್ಲಿ ಬಹುಶಃ ಏನೂ ಇರಲಿಲ್ಲ. ಅದರ ಬಣ್ಣವನ್ನಾದರೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬಹುದಿತ್ತು. ಆ ದಿನ ನಾನು ಬರೆದುಕೊಂಡದ್ದು ಪಕ್ಕದ ಮೇಜಿನ ಗೆಳೆಯನ ಉತ್ತರವನ್ನು. ಮೇಷ್ಟರು ಅದಕ್ಕೆ ಪೂರ್ಣಾಂಕ ಕೊಟ್ಟರು.