ಕಾಯುವವನ ಮೂರು ಅಕ್ಷರ

ಕೀರ್ತನೆಗಳ ಪುಸ್ತಕವನ್ನು ನಾನು ಓಡುತ್ತ ಓದಲಾರೆ. ಒಂದು ಕೀರ್ತನೆ ಹಿಡಿದರೆ ವಾರಗಟ್ಟಲೆ ಅದರಲ್ಲೇ ಇರುತ್ತೇನೆ. ರಾತ್ರಿ ಊಟ ಮುಗಿದು ಮನೆಯ ಸದ್ದಡಗಿದ ಮೇಲೆ ಮೇಜಿನ ಎಡಕ್ಕೆ ಕನ್ನಡ ಸತ್ಯವೇದ, ಬಲಕ್ಕೆ ಹೀಬ್ರೂ ಮೂಲ, ನಡುವೆ ಗೆರೆಯಿಲ್ಲದ ನೋಟ್‌ಪುಸ್ತಕ, ಕೈಯಲ್ಲೊಂದು ಪೆನ್ಸಿಲು. ಬಲದಿಂದ ಎಡಕ್ಕೆ ಸಾಗುವ ಅಕ್ಷರಗಳನ್ನು ಒಂದೊಂದಾಗಿ ನಕಲು ಮಾಡುವುದು, ಪದದ ಬೇರು ಹುಡುಕುವುದು, ಆ ಬೇರು ಸತ್ಯವೇದದಲ್ಲಿ ಇನ್ನೆಲ್ಲೆಲ್ಲಿ ಚಿಗುರಿದೆ ಎಂದು ನೋಡುತ್ತ ಹೋಗುವುದು. ನನಗೆ ಇದಕ್ಕಿಂತ ಇಷ್ಟದ ಹವ್ಯಾಸ ಬೇರೊಂದಿಲ್ಲ. ಇದು ಓದೂ ಹೌದು, ಪ್ರಾರ್ಥನೆಯೂ ಹೌದು. ಓದು ಎಲ್ಲಿ ಮುಗಿದು ಪ್ರಾರ್ಥನೆ ಎಲ್ಲಿ ಶುರುವಾಯಿತು ಎಂದು ವಿಂಗಡಿಸಲು ನಾನು ಹೋಗುವುದಿಲ್ಲ.

ಹೀಬ್ರೂವಿನಲ್ಲಿ ಇರುವುದು 22 ಅಕ್ಷರ, ಎಲ್ಲವೂ ವ್ಯಂಜನ. ಬಹುಪಾಲು ಪದಗಳ ಒಳಗೆ ಮೂರು ವ್ಯಂಜನಗಳ ಒಂದು ಬೇರು ಕೂತಿರುತ್ತದೆ. ಹಿಂದೆ, ಮುಂದೆ, ನಡುವೆ ಬಂದು ಸೇರುವ ಸ್ವರಗಳೂ ಪ್ರತ್ಯಯಗಳೂ ಅದನ್ನು ಕ್ರಿಯಾಪದ ಮಾಡುತ್ತವೆ, ನಾಮಪದ ಮಾಡುತ್ತವೆ, ಮನುಷ್ಯರ ಹೆಸರು, ಊರಿನ ಹೆಸರು ಮಾಡುತ್ತವೆ. ಹಳೆಯ ಸುರುಳಿಗಳಲ್ಲಿ ಸ್ವರಚಿಹ್ನೆಗಳು ಇರಲಿಲ್ಲ. ಗಲಿಲಾಯ ಸರೋವರದ ದಡದ ತಿಬೇರಿಯದಲ್ಲಿದ್ದ ಮಸೊರೇಟರೆಂಬ ವಿದ್ವಾಂಸರು, ತಲೆತಲಾಂತರದಿಂದ ಬಂದ ಉಚ್ಚಾರ ಮರೆತುಹೋಗಬಾರದೆಂದು, ಮೂಲದ ಒಂದಕ್ಷರವನ್ನೂ ಕದಲಿಸದೆ ಮೇಲೆ ಕೆಳಗೆ ಚುಕ್ಕಿ, ಗೆರೆಗಳನ್ನಿಟ್ಟರು. ಹಾಗೆ ಚುಕ್ಕಿಯಿಟ್ಟ, 1008ರಲ್ಲಿ ಬರೆದು ಮುಗಿಸಿದ ಲೆನಿನ್‌ಗ್ರಾಡ್ ಹಸ್ತಪ್ರತಿಯೇ ಇಂದು ವಿದ್ಯಾರ್ಥಿಗಳ ಕೈಯಲ್ಲಿರುವ ಮುದ್ರಿತ ಹೀಬ್ರೂ ಪಠ್ಯಕ್ಕೆ ಆಧಾರ. ಪೆನ್ಸಿಲಿನಲ್ಲಿ ಆ ಚುಕ್ಕಿಗಳನ್ನು ಇಡುವಾಗ ಅವರ ಶ್ರದ್ಧೆಗೆ ನನ್ನ ತಲೆ ತಾನಾಗಿ ಬಾಗುತ್ತದೆ.

ಈಚೆಗೆ ನನ್ನನ್ನು ಹಿಡಿದು ಕೂರಿಸಿರುವುದು 121ನೆಯ ಕೀರ್ತನೆ. ಎಂಟೇ ವಚನ. ಯಾತ್ರಾಗೀತೆಗಳೆಂದು ಹೆಸರಾದ ಹದಿನೈದು ಕೀರ್ತನೆಗಳಲ್ಲಿ, ಅಂದರೆ 120ರಿಂದ 134ರವರೆಗಿನವುಗಳಲ್ಲಿ, ಇದು ಎರಡನೆಯದು. ಆ ತಲೆಬರಹದಲ್ಲಿರುವ ‘ಮಅಲೋತ್’ ಎಂಬ ಪದದ ಬೇರಿಗೆ ಮೇಲೇರು ಎಂದು ಅರ್ಥ. ಮೆಟ್ಟಿಲಿಗೂ ಅದೇ ಪದ. ಪಸ್ಕ, ವಾರಗಳ ಹಬ್ಬ, ಪರ್ಣಶಾಲೆಗಳ ಹಬ್ಬ, ಈ ಮೂರಕ್ಕೂ ಜನ ಯೆರೂಸಲೇಮಿಗೆ ಹತ್ತಿ ಹೋಗುತ್ತಿದ್ದರು. ಹತ್ತುವುದು ಬರಿಯ ಮಾತಲ್ಲ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ, ಯೆರೂಸಲೇಮ್ ಸುಮಾರು 750 ಮೀಟರ್ ಮೇಲಿದೆ. ಆ ದಾರಿ ಹಿಡಿದವನು ನೆರಳಿಲ್ಲದ ಬೋಳುಗುಡ್ಡಗಳ ನಡುವೆ ಸಾವಿರ ಮೀಟರ್ ಏರಬೇಕು. ಕಾಲು ಜಾರುವ ಭಯ, ಬಿಸಿಲ ಭಯ, ರಾತ್ರಿಯ ಭಯ, ಕಳ್ಳರ ಭಯ. ಕೀರ್ತನೆಯ ಶುರುವಿನಲ್ಲಿ ಬೆಟ್ಟಗಳ ಕಡೆಗೆ ಎತ್ತಿದ ಕಣ್ಣುಗಳಲ್ಲಿ ಭಕ್ತಿಯ ಜೊತೆಗೆ ಈ ಭಯವೂ ಇದೆ. ಸಹಾಯ ಎಲ್ಲಿಂದ ಬಂದೀತು ಎಂಬುದು ಅಲ್ಲಿ ನಿಜವಾದ ಪ್ರಶ್ನೆ.

ಸಹಾಯಕ್ಕೆ ಹೀಬ್ರೂವಿನಲ್ಲಿ ‘ಏಜೆರ್’. ಕನ್ನಡ ಕ್ರೈಸ್ತರಿಗೆ ಇದು ಹೊಸ ಬೇರಲ್ಲ. ನಮ್ಮಲ್ಲಿ ಎಬೆನೆಜೆರ್ ಎಂಬ ಹೆಸರಿನ ಹುಡುಗರಿದ್ದಾರೆ, ಗೇಟಿನ ಮೇಲೆ ಆ ಹೆಸರು ಕೆತ್ತಿಸಿದ ಮನೆಗಳಿವೆ. ಸಮುವೇಲನು ನಿಲ್ಲಿಸಿದ ಸಹಾಯದ ಕಲ್ಲು ಅದು. ಎಜ್ರ, ಎಲೀಯೆಜರ್ ಎಂಬ ಹೆಸರುಗಳಲ್ಲೂ ಇದೇ ಬೇರಿದೆ. ಆದಿಕಾಂಡದಲ್ಲಿ ಹೆಣ್ಣನ್ನು ‘ಏಜೆರ್’ ಎಂದು ಕರೆದಿರುವುದನ್ನು ಕೈಕೆಳಗಿನವಳು ಎಂದು ಓದುವವರು, ದೇವರನ್ನೂ ಇದೇ ಪದದಿಂದ ಮತ್ತೆ ಮತ್ತೆ ಕರೆದಿರುವುದನ್ನು ಒಮ್ಮೆ ನೋಡಬೇಕು. ಈ ಕೀರ್ತನೆಯಲ್ಲಿ ಮೊದಲ ವಚನ ‘ಏಜೆರ್’ ಕೇಳುತ್ತ ಮುಗಿಯುತ್ತದೆ. ಎರಡನೆಯದು ಅದೇ ಪದವನ್ನು ಎತ್ತಿಕೊಂಡು ಶುರುವಾಗುತ್ತದೆ. ಮೂರನೆಯದರ ಪದವನ್ನು ನಾಲ್ಕನೆಯದು ಎತ್ತಿಕೊಳ್ಳುತ್ತದೆ. ಮೆಟ್ಟಿಲು ಹತ್ತುವವನು ಒಂದು ಕಾಲನ್ನು ಹಿಂದಿನ ಮೆಟ್ಟಿಲಲ್ಲೇ ಊರಿ ಇನ್ನೊಂದನ್ನು ಎತ್ತುವಂತೆ ಈ ಪದ್ಯ ಏರುತ್ತದೆ.

ಮೂರನೆಯ ಮತ್ತು ನಾಲ್ಕನೆಯ ವಚನಗಳ ನಡುವಿನ ಹೆಜ್ಜೆ ನನಗೆ ಬಹಳ ಪ್ರಿಯ. ಹೀಬ್ರೂವಿನಲ್ಲಿ ನಿಷೇಧಕ್ಕೆ ಎರಡು ಪದಗಳಿವೆ. ‘ಅಲ್’ ಬಂದರೆ ಅದು ಬೇಡಿಕೆ, ಹಾರೈಕೆ: ಹೀಗಾಗದಿರಲಿ. ‘ಲೋ’ ಬಂದರೆ ಅದು ನಿಶ್ಚಯ: ಹೀಗಾಗುವುದಿಲ್ಲ. ಮೂರನೆಯ ವಚನದಲ್ಲಿ ಕಾಲು ಜಾರುವುದಕ್ಕೂ ಕಾಯುವವನ ತೂಕಡಿಕೆಗೂ ‘ಅಲ್’ ಇದೆ. ನಾಲ್ಕನೆಯದರಲ್ಲಿ ಅದೇ ತೂಕಡಿಕೆಗೆ ‘ಲೋ’ ಬಂದು, ನಿದ್ದೆಗೂ ಇನ್ನೊಂದು ‘ಲೋ’ ಸೇರುತ್ತದೆ. ಹೊರಟುನಿಂತವನಿಗೆ ಮನೆಯವರು ಮೊದಲು ಹಾರೈಸುತ್ತಾರೆ, ಆಮೇಲೆ ಆ ಹಾರೈಕೆಯೇ ಗಟ್ಟಿಯಾಗಿ ನಂಬಿಕೆಯಾಗುತ್ತದೆ. ನನ್ನ ಎಷ್ಟೋ ಪ್ರಾರ್ಥನೆಗಳು ‘ಅಲ್’ನಲ್ಲಿ ಶುರುವಾಗಿವೆ. ಅವು ‘ಲೋ’ ತಲುಪುವ ತನಕ ಮೊಣಕಾಲೂರಿ ಇರುವುದನ್ನು ಈ ಎರಡು ವಚನ ನನಗೆ ಕಲಿಸಿವೆ.

ನಿದ್ದೆಯ ಬೇರನ್ನು ಹಿಂಬಾಲಿಸಿದರೆ ಕರ್ಮೆಲ್ ಬೆಟ್ಟಕ್ಕೆ ಹೋಗಿ ನಿಲ್ಲುತ್ತೇವೆ. ಬಾಳನ ಪ್ರವಾದಿಗಳು ಬೆಳಗಿನಿಂದ ಕೂಗಿ ಕೂಗಿ ಸೋತಾಗ, ನಿಮ್ಮ ದೇವರು ಮಲಗಿರಬಹುದು, ಎಬ್ಬಿಸಿ ಎಂದು ಎಲೀಯನು ಅಣಕಿಸುವಾಗ ಬಳಸುವುದು ಇದೇ ಬೇರು. ಐದನೆಯ ವಚನದ ನೆರಳಿಗೆ ‘ತ್ಸೇಲ್’, ಗುಡಾರದ ಕುಶಲ ಕೆಲಸಗಾರ ಬೆಚಲೇಲನ ಹೆಸರಿನೊಳಗೆ ಅದಿದೆ, ದೇವರ ನೆರಳಿನಲ್ಲಿರುವವನು ಎಂದರ್ಥ. ಬಿಸಿಲು ಬಡಿಯುವುದಕ್ಕೆ ಬಂದಿರುವ ಕ್ರಿಯಾಪದವೇ ನಿನೆವೆಯ ಹೊರಗೆ ಸೋರೆಬಳ್ಳಿ ಒಣಗಿದ ಮೇಲೆ ಯೋನನ ತಲೆಗೆ ಬಿಸಿಲು ಹೊಡೆದಾಗಲೂ ಬಂದಿದೆ. ಏಳನೆಯ ವಚನದ ‘ನೆಫೆಷ್’ ಅನ್ನು ಆತ್ಮ ಎಂದು ಓದಿ ಮುಂದೆ ಹೋಗುವುದು ಸುಲಭ. ಆದರೆ ಆ ಪದಕ್ಕೆ ಗಂಟಲು, ಉಸಿರು, ಜೀವ, ಇಡೀ ಮನುಷ್ಯ ಎಂಬ ಅರ್ಥಗಳೂ ಇವೆ. ದೇವರು ಕಾಯುವುದು ದೇಹ ಕಳಚಿದ ಯಾವುದೋ ಬೆಳಕನ್ನಲ್ಲ; ಬಾಯಾರುವ, ಏದುಸಿರು ಬಿಡುವ, ಬೆಟ್ಟ ಹತ್ತುವ ಈ ನನ್ನನ್ನು.

ಇವೆಲ್ಲ ದಾರಿಯ ಬದಿಯ ಸೊಗಸು. ಕೀರ್ತನೆಯ ಬೆನ್ನೆಲುಬು ‘ಶಾಮರ್’ ಎಂಬ ಬೇರು: ಶಿನ್, ಮೇಮ್, ರೇಶ್. ಎಂಟು ವಚನಗಳಲ್ಲಿ ಅದು ಆರು ಸಲ ಬರುತ್ತದೆ. ಪೆನ್ಸಿಲಿನಲ್ಲಿ ಆರಕ್ಕೂ ಅಡಿಗೆರೆ ಎಳೆದರೆ ಒಂದು ಚೆಲುವು ಕಣ್ಣಿಗೆ ಬೀಳುತ್ತದೆ. ಮೊದಲ ಮೂರು ಸಲ ಅದು ‘ಶೋಮೇರ್’, ಕಾಯುವವನು. ಕೊನೆಯ ಮೂರು ಸಲ ಅದು ‘ಯಿಶ್ಮೋರ್’, ಕಾಯುವನು. ಮೊದಲರ್ಧ ಅವನು ಯಾರೆಂದು ತಿಳಿಸುತ್ತದೆ, ಎರಡನೆಯರ್ಧ ಅವನು ಏನು ಮಾಡುತ್ತಾನೆಂದು. ಮೂರನೆಯ ವಚನದಿಂದ ಮುಂದೆ ‘ನಿನ್ನ’, ‘ನಿನ್ನನ್ನು’ ಎಂಬರ್ಥದ ‘ಖಾ’ ಪ್ರತ್ಯಯ ಹತ್ತು ಸಲ ಬರುತ್ತದೆ. ಗಟ್ಟಿಯಾಗಿ ಓದಿದರೆ ಯಾರೋ ಎದುರು ನಿಂತು ಬೆರಳು ತೋರಿಸಿ ನಿನಗೆ, ನಿನಗೇ ಎಂದು ಹೇಳಿದಂತೆ ಕೇಳುತ್ತದೆ. ಯೆಹೂದ್ಯರಲ್ಲಿ ಮನೆಯಿಂದ ಹೊರಡುವಾಗ ಬಾಗಿಲ ನಿಲುವಿನ ಮೆಜೂಜಾವನ್ನು, ಅಂದರೆ ವೇದವಚನಗಳ ಸುರುಳಿಯಿರುವ ಪುಟ್ಟ ಕರಡಿಗೆಯನ್ನು, ಮುಟ್ಟಿ ಇದರ ಕೊನೆಯ ವಚನ ಹೇಳುವ ರೂಢಿ ಇದೆ. ಹೋಗುವುದನ್ನೂ ಬರುವುದನ್ನೂ ಕಾಯುವ ಮಾತು ಅದರಲ್ಲಿದೆ.

ಈ ಮೂರು ಅಕ್ಷರ ಬರೆಯುವಾಗ ಕೊನೆಯದರಲ್ಲಿ ಕೈ ನಿಧಾನವಾಗುತ್ತದೆ. ಶಿನ್‌ಗೆ ಮೇಲೆದ್ದ ಮೂರು ಕವಲು, ಬಲ ಹೆಗಲ ಮೇಲೊಂದು ಚುಕ್ಕಿ. ಮೇಮ್ ಎಡಗೆಳಗೆ ಸ್ವಲ್ಪ ಬಾಯಿ ತೆರೆದಿರುತ್ತದೆ. ರೇಶ್‌ನ ಬಲಮೂಲೆ ದುಂಡಗೆ ಬಾಗಬೇಕು. ಆ ಮೂಲೆ ಚೂಪಾಗಿ ಹಿಂದಕ್ಕೆ ಚಾಚಿದರೆ ಅದು ದಾಲೆತ್. ಆಗ ಬೇರು ‘ಶಾಮದ್’, ಅಂದರೆ ನಾಶಮಾಡು. 145ನೆಯ ಕೀರ್ತನೆಯ 20ನೆಯ ವಚನ ಈ ಎರಡೂ ಬೇರುಗಳನ್ನು ಎದುರುಬದುರು ನಿಲ್ಲಿಸುತ್ತದೆ: ತನ್ನನ್ನು ಪ್ರೀತಿಸುವವರಿಗೆ ಮೊದಲನೆಯದು, ದುಷ್ಟರಿಗೆ ಎರಡನೆಯದು. ಪೆನ್ಸಿಲಿನ ಒಂದು ತಿರುವಿನಷ್ಟು ಅಂತರ. ನಕಲು ಮಾಡದೆ ಬರಿದೆ ಓದಿದವನಿಗೆ ಇದು ಬೆರಳಿಗೆ ತಾಗುವುದಿಲ್ಲ.

ಬೇರನ್ನು ಹಿಡಿದು ಹೋಗಲು ನನ್ನ ಬಳಿ ಇರುವುದು ಹಳೆಯ ಸಾಧನಗಳೇ. 1890ರಲ್ಲಿ ಬಂದ ಸ್ಟ್ರಾಂಗ್‌ನ ಪದಸೂಚಿಯಲ್ಲಿ ಶಾಮರ್‌ಗೆ 8104ನೆಯ ಸಂಖ್ಯೆ. 1906ರಲ್ಲಿ ಪೂರ್ಣಗೊಂಡ ಬ್ರೌನ್, ಡ್ರೈವರ್, ಬ್ರಿಗ್ಸ್ ನಿಘಂಟು ಪದಗಳನ್ನು ಬೇರಿನ ಕೆಳಗೇ ಜೋಡಿಸಿಡುತ್ತದೆ. ಅವುಗಳ ಪುಟ ತಿರುವುತ್ತ ಹೋದರೆ ಶಾಮರ್ ಮೊದಲು ಸಿಗುವುದು ಏದೆನಿನಲ್ಲಿ. ತೋಟವನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ ಆದಾಮನನ್ನು ಅಲ್ಲಿರಿಸಲಾಗುತ್ತದೆ. ಮುಂದೆ ಹೊಲದಲ್ಲಿ ಹೇಬೆಲನ ರಕ್ತ ಬಿದ್ದ ಮೇಲೆ, ತಮ್ಮನನ್ನು ಕಾಯುವವನು ನಾನೋ ಎಂದು ಕಾಯಿನನು ದೇವರನ್ನೇ ಕೇಳುವಾಗ ಬರುವುದು ಈ ‘ಶೋಮೇರ್’. ಬೇತೇಲಿನಲ್ಲಿ ಕಲ್ಲಿಗೆ ತಲೆಯಿಟ್ಟು ಮಲಗಿದ ಯಾಕೋಬನಿಗೆ, ನೀನು ಹೋದಲ್ಲೆಲ್ಲ ಕಾಯುವೆನೆಂದು ದೇವರು ಮಾತು ಕೊಡುವುದೂ ಇದರಲ್ಲೇ. ಆ ಯಾಕೋಬನೇ ಮುಂದೆ ಇಸ್ರಾಯೇಲನಾದದ್ದು. ಕೀರ್ತನೆಯ ನಾಲ್ಕನೆಯ ವಚನಕ್ಕೆ ಆ ರಾತ್ರಿಯ ನೆನಪಿದೆ ಎಂದೇ ನನಗನ್ನಿಸುತ್ತದೆ. ಅರಣ್ಯಕಾಂಡದಲ್ಲಿ ಆರೋನನ ಆಶೀರ್ವಾದದ ಮೊದಲ ಸಾಲಿನಲ್ಲೂ ಶಾಮರ್ ಇದೆ. 1979ರಲ್ಲಿ ಯೆರೂಸಲೇಮಿನ ಹಳೆಯ ಪಟ್ಟಣದ ಹೊರಗೆ ಕೇತೆಫ್ ಹಿನ್ನೋಮ್ ಎಂಬಲ್ಲಿನ ಸಮಾಧಿ ಗುಹೆಗಳಲ್ಲಿ ಗೇಬ್ರಿಯಲ್ ಬಾರ್ಕಾಯ್ ಎಂಬ ಪ್ರಾಕ್ತನಶಾಸ್ತ್ರಜ್ಞರಿಗೆ ಬೆಳ್ಳಿಯ ಎರಡು ಪುಟ್ಟ ಸುರುಳಿಗಳು ಸಿಕ್ಕಿದವು. ಬಿಡಿಸಿ ಓದಿದರೆ ಆ ಆಶೀರ್ವಾದದ ಮಾತುಗಳು. ಕ್ರಿಸ್ತಪೂರ್ವ ಏಳನೆಯ ಶತಮಾನದ ಕೊನೆ ಅಥವಾ ಆರನೆಯದರ ಮೊದಲಿನವು ಎನ್ನುತ್ತಾರೆ. ಮೃತ ಸಮುದ್ರದ ಸುರುಳಿಗಳಿಗಿಂತಲೂ ನೂರಾರು ವರ್ಷ ಹಿಂದಿನವು. ಯಾರೋ ತಾಯಿತದಂತೆ ಕೊರಳಿಗೆ ಕಟ್ಟಿಕೊಂಡಿದ್ದ ಆ ತಗಡಿನ ಮೇಲೆ ಸೂಜಿಮೊನೆಯಷ್ಟು ಸಣ್ಣಗೆ ಗೀರಿದ ಇದೇ ಮೂರು ಅಕ್ಷರಗಳಿವೆ.

ಬೇರಿನ ಹಿಂದೆ ಹೋಗುವವರಿಗೆ ಒಂದು ಶಿಸ್ತು ಬೇಕು. ಪದದ ಅರ್ಥವನ್ನು ತೀರ್ಮಾನಿಸುವುದು ಅದರ ವಂಶವೃಕ್ಷವಲ್ಲ, ಅದು ಕೂತಿರುವ ವಾಕ್ಯ. ಜೇಮ್ಸ್ ಬಾರ್ ಎಂಬ ವಿದ್ವಾಂಸರು 1961ರಲ್ಲಿ ಒಂದು ಇಡೀ ಗ್ರಂಥ ಬರೆದು ಇದನ್ನು ಮನದಟ್ಟು ಮಾಡಿಸಿದರು. ಆದ್ದರಿಂದ ನಾನು ಬೇರಿನಿಂದ ಸಿದ್ಧಾಂತ ಕಟ್ಟುವುದಿಲ್ಲ. ಒಂದು ಕಥೆಯಿಂದ ಇನ್ನೊಂದು ಕಥೆಗೆ ಹೋಗುವ ದಾರಿಯಾಗಿ ಅದನ್ನು ಬಳಸುತ್ತೇನೆ, ಆಮೇಲೆ ಆ ಕಥೆಯ ಮಾತನ್ನೇ ಕೇಳುತ್ತೇನೆ.

ಹಾಗೆ ಹೋದಾಗ ಶಾಮರ್ ನನ್ನನ್ನು ಸಮಾರ್ಯಕ್ಕೆ ಕರೆದೊಯ್ದಿತು. ಅರಸನಾದ ಒಮ್ರಿ ಶೆಮೆರ್ ಎಂಬವನಿಂದ ಎರಡು ತಲಾಂತು ಬೆಳ್ಳಿಗೆ ಗುಡ್ಡ ಕೊಂಡು, ಅವನ ಹೆಸರಿನ ಮೇಲೆ ಪಟ್ಟಣಕ್ಕೆ ‘ಶೋಮ್ರೋನ್’ ಎಂದು ಹೆಸರಿಟ್ಟನೆಂದು ಅರಸುಗಳ ಗ್ರಂಥ ಹೇಳುತ್ತದೆ. ಸಮಾರ್ಯರು ತಮ್ಮನ್ನು ತಾವು ‘ಶಾಮೆರೀಮ್’ ಎಂದು ಕರೆದುಕೊಳ್ಳುತ್ತಾರೆ, ಧರ್ಮಶಾಸ್ತ್ರವನ್ನು ಕಾದುಕೊಂಡು ಬಂದವರು ಎಂಬರ್ಥದಲ್ಲಿ. ಈಗ ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಸಾಮ್ಯವನ್ನು ತೆಗೆದುಕೊಳ್ಳಿ. ಅದೇ ಯೆರೂಸಲೇಮ್–ಯೆರಿಕೋ ದಾರಿ. ಕಳ್ಳರು ಹೊಡೆದು ಬಿಸುಟ ಮನುಷ್ಯ. ಯಾಜಕನೂ ಲೇವಿಯನೂ ಬದಿಗೆ ಸರಿದು ಹೋಗುತ್ತಾರೆ. ನಿಂತು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು, ಛತ್ರಕ್ಕೆ ಕರೆದೊಯ್ಯುವವನು ಸಮಾರ್ಯದವನು. ಮೂರನೆಯ ಶತಮಾನದಲ್ಲೇ ಒರಿಜೆನ್ ಲೂಕನ ಮೇಲಿನ ತನ್ನ ಪ್ರಸಂಗದಲ್ಲಿ, ಸಮಾರ್ಯದವನೆಂದರೆ ಕಾಯುವವನೆಂದು ಹೇಳಿ, ಈ ಕೀರ್ತನೆಯ ನಿದ್ರಿಸದ ಕಾವಲುಗಾರನನ್ನು ಅಲ್ಲಿಗೆ ತಂದು ಕ್ರಿಸ್ತನನ್ನು ತೋರಿಸಿದ್ದಾನೆ. ಲೂಕನ ಗ್ರೀಕಿನಲ್ಲಿ ಈ ನಂಟು ಕೇಳಿಸದು. ಹೀಬ್ರೂ ಬಲ್ಲ ಕಿವಿಗೆ ಕೇಳಿಸುತ್ತದೆ. ಕಾಯಿನನ ಪ್ರಶ್ನೆಗೆ ಆದಿಕಾಂಡದಲ್ಲಿ ನೇರ ಉತ್ತರವಿಲ್ಲ. ಕೀರ್ತನೆ ಅರ್ಧ ಉತ್ತರ ಕೊಡುತ್ತದೆ: ನಿನ್ನನ್ನು ಕಾಯುವವನು ದೇವರು. ಉಳಿದರ್ಧವನ್ನು ಯೇಸು ಆ ದಾರಿಯ ಮೇಲೆ ಕೊಡುತ್ತಾನೆ: ನೀನೂ ಹೋಗಿ ಕಾಯುವವನಾಗು.

ಶಾಮರ್‌ನಷ್ಟು ಅಗಲವಾದ ಮಾತು ನಮ್ಮಲ್ಲೂ ಇರುವುದು ಕನ್ನಡ ಓದುಗರ ಭಾಗ್ಯ. ದನ ಕಾಯುತ್ತೇವೆ, ಹೊಲ ಕಾಯುತ್ತೇವೆ, ಮಾನ ಕಾಯುತ್ತೇವೆ, ಬರುವವರಿಗಾಗಿ ದಾರಿ ಕಾಯುತ್ತೇವೆ. 130ನೆಯ ಕೀರ್ತನೆಯಲ್ಲಿ ಬೆಳಗಾಗುವುದನ್ನೇ ಎದುರು ನೋಡುವ ಪಹರೆಯವರು ‘ಶೋಮ್ರೀಮ್’. ಪಟ್ಟಣವನ್ನು ಕಾಯುವುದೂ ಬೆಳಕಿಗಾಗಿ ಕಾಯುವುದೂ ಅವರಿಗೆ ಒಂದೇ ಕೆಲಸ. ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಬಳ್ಳಾರಿಯ ದುಡಿಮೆಯಿಂದ 1831ರಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. ಅಂಥವರು ಹೀಬ್ರೂವಿನೊಡನೆ ಹೆಣಗಿ ಕನ್ನಡ ಹುಡುಕಿದ್ದರಿಂದಲೇ ನಾವು ಇಂದು ಕನ್ನಡದಿಂದ ಹೀಬ್ರೂವಿಗೆ ನಡೆದುಹೋಗಬಹುದು.

ಈ ಓದಿಗೆ ಪಾಂಡಿತ್ಯ ಬೇಕೆಂದು ಯಾರೂ ಹಿಂಜರಿಯಬೇಕಿಲ್ಲ. ನಲವತ್ತೊಂಬತ್ತು ಅಕ್ಷರಗಳ ವರ್ಣಮಾಲೆ ಕಲಿತ ನಮಗೆ 22 ಅಕ್ಷರ ಹೆಚ್ಚಲ್ಲ. ಶುರುಮಾಡುವವರು 134ನೆಯ ಕೀರ್ತನೆ ಹಿಡಿಯಿರಿ. ಯಾತ್ರಾಗೀತೆಗಳಲ್ಲಿ ಕೊನೆಯದು, ಮೂರೇ ವಚನ. ‘ಬಾರಖ್’ ಎಂಬ ಬೇರು, ಕೊಂಡಾಡು, ಆಶೀರ್ವದಿಸು ಎಂಬ ಎರಡೂ ಅರ್ಥದ್ದು, ಅದರಲ್ಲಿ ಮೂರು ಸಲ ಬರುತ್ತದೆ: ಎರಡು ಸಲ ಮನುಷ್ಯರಿಂದ ದೇವರಿಗೆ, ಕೊನೆಗೊಮ್ಮೆ ದೇವರಿಂದ ಮನುಷ್ಯನಿಗೆ. ಆ ಮೂರನ್ನೂ ನಿಮ್ಮ ಕೈಯಾರೆ ಬರೆಯಿರಿ, ಗಟ್ಟಿಯಾಗಿ ಓದಿರಿ, ಅವಸರ ಮಾಡಬೇಡಿ.