ಗಾಡಿ ತಡ ಆದಾಗ

ಸಿಂದಗಿ, ಮುದ್ದೇಬಿಹಾಳದ ಮಂದಿ ಇವತ್ತಿಗೂ ತಮ್ಮೂರಿಗೆ ರೈಲು ಬರುವ ದಾರಿ ಕಾಯುತ್ತಿದ್ದಾರೆ. ಇಂಡಿಗೂ ಬಸವನ ಬಾಗೇವಾಡಿಗೂ ಸ್ಟೇಷನ್ ಇವೆ, ಆದರೆ ಎರಡೂ ಊರಿಂದ ದೂರ. ಟಂಟಂ ಹಿಡಿದು ಬಂದವರಿಗೆ ಗಾಡಿ ತಡ ಅಂತ ತಿಳಿದರೆ ಮನೆಗೆ ತಿರುಗಿ ಹೋಗಲೂ ಆಗುವುದಿಲ್ಲ. ಅಲ್ಲೇ ಕೂಡಬೇಕು.

ತಡಕ್ಕೆ ಕಾರಣ ಇದೆ. ಹೋಟಗಿ–ಗದಗ ಮಾರ್ಗ ಬಹುಕಾಲ ಒಂದೇ ಹಳಿಯದು. ಎದುರು ಗಾಡಿ ದಾಟುವ ತನಕ ಪ್ಯಾಸೆಂಜರ್ ನಿಲ್ಲಲೇಬೇಕಿತ್ತು. ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲೂ ಇದೇ ಮಾರ್ಗದಲ್ಲಿ ರೈಲಿನಲ್ಲೇ ಬರಬೇಕು. ಜೋಡಿ ಹಳಿ ಹಾಕುವಾಗ ಗಾಡಿಗಳು ರದ್ದಾದವು, ಜನ ಸಹಿಸಿಕೊಂಡರು. ಅದು ಬೇಕಾದ ಕೆಲಸವೇ.

ಸಹಿಸಲು ಆಗದ್ದು ಹೊಲಸು. ತಾಸುಗಟ್ಟಲೆ ಕಾಯುವ ಸಣ್ಣ ಸ್ಟೇಷನ್ನಿನಲ್ಲಿ ನಳದಲ್ಲಿ ನೀರಿಲ್ಲ, ಶೌಚಾಲಯಕ್ಕೆ ಕೀಲಿ ಅಂದರೆ ಹೆಣ್ಣುಮಕ್ಕಳು, ವಯಸ್ಸಾದವರು ಎಲ್ಲಿಗೆ ಹೋಗಬೇಕು? ಹಬ್ಬ, ಜಾತ್ರೆಗೆ ಊರಿಗೆ ಬರುವ ಬಾಣಂತಿಯರನ್ನು ಒಮ್ಮೆ ನೆನೆಸಿಕೊಳ್ಳಿ. ಇದು ರೈಲ್ವೆಯ ಹೊಣೆ, ಎರಡು ಮಾತಿಲ್ಲ.

ಗೋಡೆಯ ಮೇಲಿನ ಗುಟ್ಕಾ ಉಗುಳು, ಹಳಿ ಮೇಲಿನ ಶೇಂಗಾ ಸಿಪ್ಪೆ ಮಾತ್ರ ನಮ್ಮವೇ. ಸ್ಟೇಷನ್ ಹೊಲಸು ಮಾಡಿದವರಿಗೆ 500 ರೂಪಾಯಿ ತನಕ ದಂಡ ಹಾಕುವ ನಿಯಮ 2012ರಿಂದಲೇ ಇದೆ. ಆದರೂ ಉಗುಳುವವರನ್ನು ಪಕ್ಕದಲ್ಲಿ ಕೂತವರೂ ತಡೆಯುವುದಿಲ್ಲ.

ನೀರಿಲ್ಲದಿದ್ದರೆ, ಶೌಚಾಲಯ ಮುಚ್ಚಿದ್ದರೆ ಸುಮ್ಮನೆ ಬೈದು ಕೂಡಬೇಡಿ. ಅಲ್ಲಿಂದಲೇ 139ಕ್ಕೆ ಫೋನ್ ಮಾಡಿ ದೂರು ಬರೆಸಿ.